ಮುನಿರತ್ನಕ್ಕನ ಫೋನಿನಲ್ಲಿ ಹೆಸರುಗಳಿಲ್ಲ

ಇವತ್ತು ಮಧ್ಯಾಹ್ನ ಎರಡೂವರೆಗೆ ಮುನಿರತ್ನಕ್ಕ ಆಂಡರ್ಸನ್‌ಪೇಟೆಯ ನಮ್ಮ ಜೆರಾಕ್ಸ್ ಅಂಗಡಿಗೆ ಬಂದಾಗ ನನ್ನ ಮಗು ಜೋಲಿಯಲ್ಲಿ ಆಗಷ್ಟೇ ಕಣ್ಣು ಮುಚ್ಚಿತ್ತು. ಸ್ಟೂಲು ಎಳೆದುಕೊಟ್ಟರೂ ಅಕ್ಕ ಕೂರಲಿಲ್ಲ.

“ರಾಧ, ನಾಲ್ಕರೊಳಗೆ ಈ ಪಟ್ಟಿ ಸುಧಾಕರ್ ಸಾರ್‌ಗೆ ಮೇಲ್ ಓಗ್ಬೇಕು ಕಣಮ್ಮ. ಇಲ್ದಿದ್ರೆ ಸಾಯಂಕಾಲ ಹಾಲಿನ ವ್ಯಾನ್ ಬರಲ್ಲ.”

ಕ್ಯಾಸಂಬಳ್ಳಿ ಹತ್ತಿರದ ನನ್ನ ತವರೂರಿನಲ್ಲಿ ಅಕ್ಕ ಹದಿನಾಲ್ಕು ವರ್ಷದಿಂದ ಮಹಿಳಾ ಹಾಲಿನ ಸಂಘದ ಕಾರ್ಯದರ್ಶಿ. ಓದಿದ್ದು ಎಂಟನೇ ಕ್ಲಾಸು. ಹಾಲು ತಂದವರನ್ನು ಸದಸ್ಯರ ನಂಬರಿನಿಂದಲೇ ಕೂಗುತ್ತಾಳೆ. “ಏಳು, ನಿನ್ನ ಹಸು ಇವತ್ತು ಕೆರೆನೇ ಕುಡಿದವ್ಳೇನೆ?” ಅಂದರೆ ನೀರು ಬೆರೆಸಿದ ಏಳನೇ ನಂಬರಿನವಳು ತಲೆ ತಗ್ಗಿಸುತ್ತಾಳೆ.

ಅಂಥ ಅಕ್ಕನ ಮನೆಯಿಂದಲೇ ಈ ಸಲ ತಪ್ಪಾಗಿದೆ. ಅವಳ ಹಸುವಿಗೆ ಕೆಚ್ಚಲು ಬಾವು ಬಂದು ಇಂಜೆಕ್ಷನ್ ಹಾಕಿಸಿದ್ದರು. ಆ ಹಾಲನ್ನು ಕೆಲವು ದಿನ ಸಂಘಕ್ಕೆ ಹಾಕಬಾರದು. ಮೊನ್ನೆ ಅಕ್ಕ ಬಂಗಾರಪೇಟೆಗೆ ಹೋಗಿದ್ದಾಗ, ಗೊತ್ತಿಲ್ಲದೆ ಅವಳ ಅತ್ತೆ ಸೊಣ್ಣಮ್ಮ ತಂದು ಸುರಿದುಬಿಟ್ಟರು. ಡೇರಿಯಲ್ಲಿ ಔಷಧಿ ಪತ್ತೆಯಾಗಿ ಊರಿನ ಅಷ್ಟೂ ಹಾಲು ವಾಪಸು ಬಂತು. ಇಂಜೆಕ್ಷನ್ ಹಾಕಿಸಿದ ಹಸುಗಳ ಪಟ್ಟಿ ಮೇಲ್‌ನಲ್ಲಿ ನೋಡಿದ ಮೇಲೇ ವ್ಯಾನ್ ಎಂದು ಡೇರಿಯ ಸೂಪರ್‌ವೈಸರ್ ಸುಧಾಕರ್ ಹೇಳಿದ್ದಾರೆ. ಅವರು ಮೀಟಿಂಗಿನಲ್ಲಿ, ಫೋನ್ ಎತ್ತುವುದಿಲ್ಲ. ಇಷ್ಟು ದಿನ ತನ್ನ ಫೋನಿನಿಂದ ಮೇಲ್ ಕಳಿಸುತ್ತಿದ್ದ ಅಕ್ಕನ ಮಗಳು ನವ್ಯ ಪರೀಕ್ಷೆ ಬರೆಯುತ್ತಿದ್ದಾಳೆ, ಅವಳ ಫೋನೂ ಆಫ್.

ಅಕ್ಕನ ಫೋನಿನಲ್ಲಿ ಪಟ್ಟಿಯ ಫೋಟೋ ಸೇರಿಸಿ, ಯಾರಿಗೆ ಅನ್ನುವ ಜಾಗದಲ್ಲಿ ಸುಧಾಕರ್ ಎಂದು ಒತ್ತಿದೆ. ಏನೂ ಬರಲಿಲ್ಲ. ಇಂಗ್ಲಿಷಿನಲ್ಲಿ ಒತ್ತಿದೆ, ಇಲ್ಲ. ನೆಟ್ ಇತ್ತು. ಮೇಲ್ ಆ್ಯಪ್‌ಗೆ ಕಾಂಟ್ಯಾಕ್ಟ್ಸ್ ನೋಡುವ ಅನುಮತಿ ಇರಲಿಲ್ಲ, ಕೊಟ್ಟೆ. ಸಿಂಕ್ ಮಾಡಿದೆ. ಫೋನ್ ಆಫ್ ಮಾಡಿ ಆನ್ ಮಾಡಿದೆ. ಆಗಲೂ ಇಲ್ಲ. ಮೂರೂಕಾಲು. ಮಗು ಎದ್ದು ರಾಗ ತೆಗೆಯಿತು. ಕಾಲಿನಲ್ಲೇ ಜೋಲಿ ತೂಗುತ್ತ ಕಾಂಟ್ಯಾಕ್ಟ್ಸ್ ತೆರೆದೆ. ಒಂದು, ಎರಡು, ಮೂರು... ಬರೀ ಅಂಕಿ.

“ಯಾರಕ್ಕಾ ಇವರೆಲ್ಲ?”

“ನಮ್ಮ ಸಂಘದೋರು. ಒಂಬತ್ತು ನಿಮ್ಮಮ್ಮ. ಕೆಳಗಡೆ ‘ಒಂಬತ್ತು ಮಗಳು’ ಅಂತ ಐತಲ್ಲ, ಅದು ನೀನು.”

ನಗು ಬಂತು. ನಗುವಷ್ಟು ಹೊತ್ತಿರಲಿಲ್ಲ. “ಸುಧಾಕರ್ ಸಾರ್ ಎಷ್ಟನೇ ನಂಬರು?”

“ಅವರೇನು ಹಾಲು ಹಾಕ್ತಾರಾ, ನಂಬರು ಕೊಡಕ್ಕೆ?” ಅಕ್ಕ ಬಾಗಿಲವರೆಗೆ ಹೋಗಿ ತಿರುಗಿ ಬಂದಳು. “ಹೋದ ತಿಂಗಳು ಹಾಲು ತೂಗೋ ಮೆಷಿನ್ ಕೆಟ್ಟಾಗ ಅವರೇ ಬಂದು ಸೊನ್ನೆಗೆ ತಂದು ನಿಲ್ಲಿಸಿದ್ರು. ಅವತ್ತೇ ನವ್ಯ ಕೈಲಿ ಬರೆಸಿದ್ದು. ಸೊನ್ನೆ ನೋಡು.”

ಕಾಂಟ್ಯಾಕ್ಟ್ಸ್‌ನ ತಲೆಯಲ್ಲೇ ಸೊನ್ನೆ ಇತ್ತು. ಕೈತಪ್ಪಿ ಒತ್ತಿದ್ದೆಂದು ದಾಟಿ ಬಂದಿದ್ದೆ. ಯಾರಿಗೆ ಅನ್ನುವಲ್ಲಿ ಸೊನ್ನೆ ಒತ್ತಿದ ಕೂಡಲೇ ಸುಧಾಕರ್ ಎಂಬ ಹೆಸರೇ ಇಲ್ಲದ ಅವರ ಡೇರಿ ಮೇಲ್ ವಿಳಾಸ ಕೆಳಗೆ ಬಂದು ನಿಂತಿತು.

ಕಳಿಸುವ ಮೊದಲು ಹಸುಗಳ ಪಟ್ಟಿ ನೋಡಿದೆ. ಮೊದಲ ಸಾಲಿನಲ್ಲೇ ಹದಿನಾಲ್ಕು, ಮುನಿರತ್ನಮ್ಮ.

“ಅಕ್ಕ, ನಿನ್ನ ಹೆಸರೇ ಮೊದಲು ಹಾಕಿದ್ದೀಯಲ್ಲ.”

“ಕೆಡಿಸಿದ್ದು ನಮ್ಮನೆ ಹಾಲು. ಕಳ್ಸಮ್ಮ, ಹೊತ್ತಾಯ್ತದೆ.”

ಮೂರು ನಲವತ್ತಕ್ಕೆ ಕಳಿಸಿದೆ. ಉತ್ತರ ಬರುವವರೆಗೆ ಅಕ್ಕ ಕೂರಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಅಂಗಡಿ ಮುಂದೆ ಓಡಾಡಿದಳು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಬಂತು: ವ್ಯಾನ್ ಬರುತ್ತದೆ, ಹದಿನಾಲ್ಕರ ಹಾಲು ಐದು ದಿನ ಬೇಡ.

ಸೊನ್ನೆಯ ಪಕ್ಕ ಸುಧಾಕರ್ ಎಂದು ಸೇರಿಸಿಕೊಟ್ಟೆ. ಮಿಕ್ಕವರ ಹೆಸರೂ ಹಾಕಿಕೊಡುತ್ತೇನೆಂದರೆ ಅಕ್ಕ ಫೋನು ಕಿತ್ತುಕೊಂಡಳು. “ಬ್ಯಾಡ ಬ್ಯಾಡ, ಆಮೇಲೆ ಯಾರು ಯಾರಂತ ನಂಗೆ ಗೊತ್ತಾಗಲ್ಲ.”

ಆರೂವರೆಗೆ ಸಂಘದಿಂದ ಅಮ್ಮ ಫೋನ್ ಮಾಡಿದಳು. ಹಿಂದಿನಿಂದ ಅಕ್ಕನ ದನಿ ಕೇಳುತ್ತಿತ್ತು: “ಹನ್ನೆರಡು... ಹದಿಮೂರು...” ತನ್ನ ನಂಬರು ದಾಟಿಸಿ, “ಹದಿನೈದು, ಬಾರಮ್ಮ.”