ಚಾಕಲೇಟ್ ಚೀಟಿಯ ಕಿರೀಟ

ಆ ದಿನಗಳಲ್ಲಿ ಸಿರುಗುಪ್ಪದ ನಮ್ಮ ಓಣಿಯಲ್ಲಿ ನನಗಿಂತ ದೊಡ್ಡ ಮನುಷ್ಯರು ಯಾರೂ ಇರಲಿಲ್ಲ. ಓದುತ್ತಿದ್ದದ್ದು ಮೂರನೇ ಕ್ಲಾಸು, ಮುಂದಿನ ಎರಡು ಹಲ್ಲೂ ಇರಲಿಲ್ಲ, ಆದರೆ ನನ್ನ ಅಜ್ಜ ಬಯಲಾಟದಲ್ಲಿ ರಾಜ. ಅಜ್ಜ ಕಿರೀಟ ಹೊತ್ತು, ಹೆಗಲಿಗೆ ಭುಜಕೀರ್ತಿ ಕಟ್ಟಿ ಒಂದು ಹೆಜ್ಜೆ ಹಾಕಿದರೆ ಬಾದನಹಟ್ಟಿಯ ಎಮ್ಮೆಗಳು ಹೆದರಿ ಹಾಲು ಬಿಗಿಹಿಡಿಯುತ್ತವೆ ಎಂದು ಸಾಲಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಯಾರೂ ಅಲ್ಲಿಗೆ ಹೋಗಿ ಎಮ್ಮೆಗಳನ್ನು ಕೇಳಲಿಲ್ಲ, ನನ್ನ ಪುಣ್ಯ.

ಆ ವರ್ಷ ಡ್ಯಾಮಿನ ನೀರು ಬಿಟ್ಟರು, ಹೊಳೆ ನಮ್ಮ ಓಣಿಗೇ ಬಂತು. ಓಣಿಯವರೆಲ್ಲ ಸಾಲಿಯಲ್ಲಿ ಉಳಿದೆವು, ಮೂರು ದಿನ ಅಲ್ಲಿ ಚಿತ್ರಾನ್ನ ತಿಂದು ತಿಂದು ನಾನೇ ಹಳದಿಯಾದೆ. ಮನೆಗೆ ಬಂದರೆ ಪಕ್ಕದ ರೈಸ್ ಮಿಲ್ಲಿನಲ್ಲಿ ನೆಂದ ನೆಲ್ಲಿನ ಹುಳಿ ವಾಸನೆ. ಅಜ್ಜ ಮೇಳದ ಟ್ರಂಕು ತೆಗೆದರು. ಮೊದಲು ಒಂದು ಕಪ್ಪೆ ಹೊರಬಂತು, ರಾಜನ ಠೀವಿಯಲ್ಲೇ. ಆಮೇಲೆ ಕಿರೀಟ. ಅಂಟು ಕರಗಿ, ಅಂಟಿಸಿದ್ದ ಕನ್ನಡಿ ಚೂರುಗಳೂ ಬಂಗಾರ ಬಣ್ಣದ ಬೇಗಡೆ ಹಾಳೆಯೂ ಟ್ರಂಕಿನ ತಳ ಸೇರಿದ್ದವು. ಮದ್ದಳೆಯ ಚರ್ಮ ರೊಟ್ಟಿಯಂತೆ ಉಬ್ಬಿತ್ತು. ಬರುವ ಬೇಸಿಗೆಗೆ ಕುರುಗೋಡಿನಲ್ಲಿ ಆಡುತ್ತೇವೆಂದು ಅಜ್ಜ ವೀಳ್ಯ ಹಿಡಿದಾಗಿತ್ತು. ಹೊಸ ಸಾಮಾನು ಇಲ್ಲದಿದ್ದರೆ ಆಟವೂ ಇಲ್ಲ, ಕೊಟ್ಟ ಮಾತೂ ಇಲ್ಲ.

ನೆರೆಯಲ್ಲಿ ಕಲಾವಿದರ ಸಾಮಾನು ಹಾಳಾಗಿದ್ದರೆ ಸರ್ಕಾರದವರು ಹೊಸದು ಕೊಡಿಸುತ್ತಾರಂತೆ, ನೋಡಲು ಬಳ್ಳಾರಿಯಿಂದ ಸಾಹೇಬರು ಬರುತ್ತಾರಂತೆ ಎಂಬ ಸುದ್ದಿ ಬಂತು. ಬೇರೆ ಯಾರಾದರೂ ಆಗಿದ್ದರೆ ಟ್ರಂಕನ್ನು ಅಂಗಳದಲ್ಲಿ ಬೋರಲು ಹಾಕಿ ಅಳುತ್ತಿದ್ದರು. ನಮ್ಮ ಮೇಳದ ಕಟ್ಟಳೆಯೇ ಬೇರೆ. ಮುಕ್ಕಾದ ಕಿರೀಟ ಹೊರಗಿನವರ ಕಣ್ಣಿಗೆ ಬೀಳಬಾರದು.

“ನೀರು ಹೆಂಗ ಕೆಡಿಸೇತಿ ಹಂಗ ತೋರಸ್ರಿ. ಬರಾವ ಬೀಗ ಅಲ್ಲ,” ಎಂದಳು ಅಜ್ಜಿ.

“ಮುಕ್ಕ ಕಿರೀಟ ಹಿಡ್ಕೊಂಡು ನಿಂದ್ರಾಕ ನಾ ಏನ್ ಭಿಕ್ಷಾ ಬೇಡಾಕ ಹೊಂಟೀನೇನ?” ಎಂದರು ಅಜ್ಜ.

ಎರಡು ದಿನ ರಿಪೇರಿ ನಡೆಯಿತು. ಅಂಟಿಗೆ ಮೈದಾ ಗಂಜಿ. ಬೇಗಡೆಗೆ, ನಾನು ವರ್ಷವಿಡೀ ಪುಸ್ತಕದಲ್ಲಿ ಒತ್ತಿಟ್ಟಿದ್ದ ಚಾಕಲೇಟ್ ಚೀಟಿಗಳು. ಕನ್ನಡಿ ಸಾಲದ ಕಡೆ ಅಜ್ಜಿಯ ಸ್ಟಿಕರ್ ಕುಂಕುಮ, ಅವಳಿಗೆ ಹೇಳದೆ.

ಸಾಹೇಬರು ಜೀಪಿನಿಂದ ಇಳಿದರು. ಅಜ್ಜ ಪೂರ್ತಿ ವೇಷದಲ್ಲಿ ಹಾಡುತ್ತ ಒಳಮನೆಯಿಂದ ಹೊರಬಂದರು. ಸಾಹೇಬರು ಚಪ್ಪಾಳೆ ಹೊಡೆದರು, ಅಜ್ಜನನ್ನೂ ಬೊಕ್ಕ ಬಾಯಿಯ ನನ್ನನ್ನೂ ನಿಲ್ಲಿಸಿ ಫೋಟೊ ಹೊಡೆದರು, ಭಾಳ ಚೆಂದ ಕಾಪಾಡೀರಿ ಎಂದು ಹೊಗಳಿದರು. ಹಾಳಾದದ್ದನ್ನು ನೋಡಲೆಂದೇ ಬಂದ ಮನುಷ್ಯ ಟ್ರಂಕಿನ ಮುಚ್ಚಳ ಎತ್ತಲಿಲ್ಲ. ಕಾಗದದಲ್ಲಿ ‘ಸುಸ್ಥಿತಿಯಲ್ಲಿದೆ’ ಎಂದು ಬರೆದುಕೊಂಡು ಹೋದರು. ಜೀಪು ಕಾಲುವೆ ದಾಟುವಷ್ಟರಲ್ಲಿ ಅಜ್ಜನ ಬೆವರಿಗೆ ಮೈದಾ ಕರಗಿ, ಕಿರೀಟ ಜಾರಿ ಮೂಗಿನ ಮೇಲೆ ಕೂತಿತ್ತು.

ಮುಂದಿನ ವಾರ ಅಜ್ಜ ಕಿರೀಟದ ಚೂರುಗಳನ್ನು ಚೀಲಕ್ಕೆ ತುಂಬಿಕೊಂಡು, ನನ್ನನ್ನೂ ಕರೆದುಕೊಂಡು ಬಳ್ಳಾರಿ ಬಸ್ಸು ಹತ್ತಿದರು. ಸಾಹೇಬರ ಕಚೇರಿಯ ಗುಮಾಸ್ತ ಅವತ್ತಿನ ಫೋಟೊ ಹೊರತೆಗೆದು ಮುಂದಿಟ್ಟ.

“ಇಲ್ಲಿ ಮಿರಿ ಮಿರಿ ಮಿಂಚಾಕತ್ತೇತಲ್ಲ ಯಜಮಾನ್ರ?”

“ಅದು ಮಮ್ಮಗಳ ಚಾಕಲೇಟ್ ಚೀಟಿ ರೀ.”

“ಹಂಗಾರ ಅವತ್ತು ಸುಳ್ಳು ತೋರಿಸಿದ್ರಿ?”

ಸಾವಿರ ಜನರ ಮುಂದೆ ಒಂದೇ ಉಸಿರಿಗೆ ಮಾತು ಉರುಳಿಸುತ್ತಿದ್ದ ಅಜ್ಜ ಚೂರುಗಳ ಚೀಲದ ಬಾಯಿ ಕಟ್ಟಿ ಹೊರನಡೆದರು. ಬರುವಾಗ ಬ್ರೂಸ್‌ಪೇಟೆಯಲ್ಲಿ ಬೇಗಡೆ ಮಾರುವ ಅಂಗಡಿಯ ಮುಂದೆ ನಿಂತರು, ಒಳಗೆ ಹೋಗಲಿಲ್ಲ. ಕುರುಗೋಡಿಗೆ ತಾವೇ ಹೋಗಿ ವೀಳ್ಯ ವಾಪಸು ಕೊಟ್ಟು ಬಂದರು.

ಈಗ ನಾನು ಬಳ್ಳಾರಿಯಲ್ಲಿ ಪಿಯುಸಿ. ಹೋದ ತಿಂಗಳು ಯಾವುದೋ ಅರ್ಜಿ ಹಿಡಿದು ಅದೇ ಕಚೇರಿಗೆ ಹೋದೆ. ಗೋಡೆಯ ಮೇಲೆ, ಕಟ್ಟು ಹಾಕಿಸಿದ ದೊಡ್ಡ ಫೋಟೊದಲ್ಲಿ ಅಜ್ಜ ಮತ್ತು ನಾನು! ಕೆಳಗೆ ‘ನೆರವಿನಿಂದ ಮತ್ತೆ ಅರಳಿದ ಕಲೆ’ ಎಂದು ಬರೆದಿದ್ದರು. ಮೈಯೆಲ್ಲ ಉರಿಯಿತು.

“ಸರ, ಆ ಹುಡುಗಿ ನಾನ. ನಮಗ ಯಾ ನೆರವೂ ಬಂದಿಲ್ಲ. ಕಿರೀಟದಾಗ ಆ ಕಿತ್ತಳಿ ಬಣ್ಣ ಐತಲ್ಲ, ಅದು ನನ್ನ ಚಾಕಲೇಟ್ ಚೀಟಿ,” ಎಂದೆ.

ಅಲ್ಲಿದ್ದವರು ನಕ್ಕರು. ಭಾಳ ತಮಾಷಿ ಹುಡುಗಿ ಎಂದರು. ಎಮ್ಮೆಗಳ ಕಥೆಯನ್ನು ಇಡೀ ಸಾಲಿ ನಂಬಿತ್ತು. ಉಪ್ಪು ಖಾರ ಹಚ್ಚದೆ ನಾನು ಹೇಳಿದ ಒಂದೇ ಒಂದು ಮಾತನ್ನು ಯಾರೂ ನಂಬಲಿಲ್ಲ.

ಮೇಳದ ಟ್ರಂಕಿನಲ್ಲಿ ಈಗ ಅಜ್ಜಿ ಉಳ್ಳಾಗಡ್ಡಿ ಇಡುತ್ತಾಳೆ. ನನ್ನ ಹಲ್ಲು ಎರಡೂ ಬಂದಿವೆ. ಅಜ್ಜ ಮತ್ತೆ ವೇಷ ಕಟ್ಟಿಲ್ಲ.