ಶರಣಾಗೆನೆಂದ ನನ್ನ ಮೊಣಕೈ

ಹೋರಾಟದ ಗೆಳೆಯರೇ, ಇವತ್ತು ಪುತ್ತೂರಿನ ಜಿಯು-ಜಿತ್ಸು ಕುಸ್ತಿ ತರಗತಿಯಲ್ಲಿ ನನ್ನ ಅಭ್ಯಾಸದ ಜೊತೆಗಾರ್ತಿಯನ್ನು ಇನ್ನೇನು ಕಳೆದುಕೊಳ್ಳುತ್ತಿದ್ದೆ. ಆ ಜೊತೆಗಾರ್ತಿ, ಗುತ್ತಿಗಾರಿನ ವನಿತಕ್ಕ, ನನ್ನನ್ನು ಕೆಡವಿ, ತೋಳು ಹಿಡಿದು, ಮೊಣಕೈಯನ್ನು ಹಿಂದಕ್ಕೆ ಬಾಗಿಸಿದರು. ನೋವಾದರೆ ಎದುರಾಳಿಯ ಮೈಯನ್ನು ತಟ್ಟಬೇಕು, ತಟ್ಟಿದ ಕೂಡಲೇ ಅವರು ಬಿಡಬೇಕು. ಇಲ್ಲಿಯ ಮೊದಲ ಪಾಠವೇ ಇದು. ಬಲಕ್ಕೆ ಶರಣಾಗಬಾರದೆಂದು ಓದಿಕೊಂಡ ನಾನು ಹಲ್ಲು ಕಚ್ಚಿ ಮಲಗಿದೆ, ತಟ್ಟಲಿಲ್ಲ. ಕೊನೆಗೆ ಅಕ್ಕನೇ ಬಿಟ್ಟು ಎದ್ದು ಕೂತರು.

"ಎಂತ ಮಾರಾಯ, ಮುರಿಯುವ ತನಕ ಸುಮ್ಮನೆ ಇರುದಾ?"

"ನಾನು ಯಾರಿಗೂ ಶರಣಾಗುದಿಲ್ಲ ಅಕ್ಕ."

"ನಿನ್ನ ಶರಣು ಯಾರಿಗೆ ಬೇಕು? ನೀನು ತಟ್ಟದಿದ್ರೆ ಎಲ್ಲಿ ನಿಲ್ಲಿಸುದು ಅಂತ ನಂಗೆ ಹೇಗೆ ಗೊತ್ತಾಗುದು? ನಾಳೆಯಿಂದ ಗೋಡೆ ಒಟ್ಟಿಗೆ ಕಲಿ. ಅದೂ ತಟ್ಟುದಿಲ್ಲ."

ಆಗ ಹೊಳೆಯಿತು. ಕೆಳಗೆ ಬಿದ್ದವನು ಸಾಕೆಂದ ಕೂಡಲೇ ಮೇಲಿರುವವನು ಹಿಡಿತ ಬಿಡಬೇಕೆಂಬ ನಿಯಮವನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಚೇರಿಗಳಲ್ಲಿ ಇಲ್ಲ, ನಮ್ಮ ಮನೆಯಲ್ಲೂ ಇಲ್ಲ. ನಾವು ಘೋಷಣೆ ಕೂಗುವುದು ಇದಕ್ಕೇ ಅಲ್ಲವೇ?

ತಪ್ಪಾಯಿತೆಂದು ಹೇಳಿ ಮತ್ತೆ ಮಲಗಿದೆ. ಅಕ್ಕ ಕೈ ಚಾಚಿದ್ದೇ ತಡ, ಪಟಪಟ ತಟ್ಟಿದೆ.

"ಅಯ್ಯೋ, ನಾನಿನ್ನೂ ಹಿಡಿಯಲೇ ಇಲ್ಲ ಮಾರಾಯ!"

ಹೊಸದಾಗಿ ಒಪ್ಪಿಕೊಂಡ ತತ್ವವನ್ನು ನಾನು ಯಾವಾಗಲೂ ತುಸು ಅತಿಯಾಗಿಯೇ ಪಾಲಿಸುತ್ತೇನೆ.