ಹಂದಿ ಜಗಳದ ಹಿಸ್ಟರಿ ಮತ್ತು ನನ್ನ ಬೆಡ್‌ಶೀಟ್

ಕಳೆದ ಭಾನುವಾರ ನನ್ನ ಬೆಡ್‌ಶೀಟ್ ಮೇಲೆ ಮಳೆ ಬಂತು. ಆಕಾಶದಲ್ಲಿ ಮಾತ್ರ ಒಂದು ಮೋಡವೂ ಇರಲಿಲ್ಲ.

ಈ ಪರದೇಶದ ಟ್ಯಾಂಪಿನೀಸ್ ಬಡಾವಣೆಯ ನಮ್ಮ ಬಹುಮಹಡಿ ಬ್ಲಾಕ್‌ನಲ್ಲಿ ಬಟ್ಟೆಯನ್ನು ಕೋಲಿಗೆ ಹಾಕಿ ಕಿಟಕಿಯಾಚೆ ಚಾಚುತ್ತೇವೆ. ಮೇಲಿನ ಮನೆಯ ಲಿಮ್ ಆಂಟಿ ಗಿಡಗಳಿಗೆ ನೀರು ಹಾಕಿದರೆ ಮಣ್ಣುನೀರು ಸೀದಾ ನಮ್ಮ ಬಟ್ಟೆಗೆ. ಇದು ಮೊದಲ ಸಲವೇನಲ್ಲ. ಪಿತ್ತ ನೆತ್ತಿಗೇರಿತು. ಟೌನ್ ಕೌನ್ಸಿಲ್‌ಗೆ ದೂರು ಕೊಟ್ಟೇಬಿಡುವುದೆಂದು ಫೋನ್ ಹಿಡಿದು ಕೂತೆ.

ಎದುರಿಗೆ ಮಗಳು ಅನನ್ಯಾ. ಯೂನಿವರ್ಸಿಟಿಯಲ್ಲಿ ಹಿಸ್ಟರಿ ಓದುತ್ತಿದ್ದಾಳೆ. (ಹೌದು, ಕಂಪ್ಯೂಟರ್ ಸೈನ್ಸ್ ಅಲ್ಲ. ದಯವಿಟ್ಟು ಯಾರೂ ಸಂತಾಪ ಸೂಚಿಸಬೇಡಿ.) ಇಂಗ್ಲೆಂಡಿನ ಹಳ್ಳಿಗಳ ಮುನ್ನೂರು ನಾನೂರು ವರ್ಷ ಹಿಂದಿನ ಕೋರ್ಟ್ ದಾಖಲೆಗಳೇ ಅವಳ ಪ್ರಾಜೆಕ್ಟ್. ಯಾರ ಹಂದಿ ಯಾರ ಹೊಲಕ್ಕೆ ನುಗ್ಗಿತು, ಯಾರು ಬೇಲಿ ಸರಿಸಿದರು, ಯಾರು ಯಾರಿಗೆ ಏನೆಂದು ಬೈದರು. ಇದಕ್ಕೆ ಡಿಗ್ರಿ ಕೊಡುತ್ತಾರಂತೆ! ನಮ್ಮಜ್ಜಿ ಇದನ್ನೆಲ್ಲ ಪುಕ್ಕಟೆ ಹೇಳುತ್ತಿದ್ದರಲ್ಲ?

ಹಾಗಲ್ಲವಂತೆ. ಆ ಬಡಪಾಯಿಗಳು ಡೈರಿ ಬರೆದಿಟ್ಟವರಲ್ಲ, ಹೆಚ್ಚಿನವರಿಗೆ ಬರೆಯಲೇ ಬರುತ್ತಿರಲಿಲ್ಲ. ಜಗಳವಾಡಿ ಕೋರ್ಟಿಗೆ ಹೋದದ್ದರಿಂದಲೇ ಅವರ ಮನೆ, ಮಾತು, ದನಕರು ಎಲ್ಲ ಇವತ್ತು ನಮಗೆ ಗೊತ್ತಾಗಿರುವುದು.

ಫೋನಿನಲ್ಲಿ ಬರೆದ ದೂರನ್ನು ಅವಳಿಗೆ ಓದಿ ಹೇಳಿ, ಇಂಗ್ಲಿಷ್ ಸರಿಯಿದೆಯಾ ಎಂದು ಕೇಳಿದೆ. ಅನಾಗರಿಕ ವರ್ತನೆ, ಅದು ಇದು ಎಂದು ಚೆನ್ನಾಗಿಯೇ ಖಾರ ಅರೆದಿದ್ದೆ. ಮಗಳು ನಕ್ಕಳು. ಇಂಗ್ಲಿಷ್ ಸೂಪರ್, ಆದರೆ ಮುಂದೊಂದು ದಿನ ನನ್ನಂಥವಳಿಗೆ ಇದೊಂದೇ ಕಾಗದ ಸಿಕ್ಕಿದರೆ ನೀವಿಬ್ಬರೂ ಬದ್ಧವೈರಿಗಳು ಅಂತ ಥೀಸಿಸ್ ಬರೆದುಬಿಡುತ್ತಾಳೆ ಎಂದಳು.

ಚುರುಕ್ಕೆಂದಿತು. ವೈರಿಗಳೇ? ಹೋದ ವರ್ಷ ನನಗೆ ಡೆಂಗ್ಯೂ ಬಂದಾಗ, ಗಂಡ ಊರಲ್ಲಿಲ್ಲದ ಹೊತ್ತಲ್ಲಿ, ದಿನಾ ಗಂಜಿ ತಂದುಕೊಟ್ಟವರು ಇದೇ ಆಂಟಿ. ನಾನು ವೆಜಿಟೇರಿಯನ್ ಅಂತ ಬೇರೆ ಪಾತ್ರೆಯಲ್ಲೇ ಮಾಡುತ್ತಿದ್ದರು. ಅದನ್ನೂ ಬರೆಯಲಿ ನಿಮ್ಮ ಥೀಸಿಸ್‌ನವಳು ಎಂದು ದನಿಯೇರಿಸಿದೆ.

“ಗಂಜಿ ಕೊಟ್ರು ಅಂತ ಯಾರೂ ಕೋರ್ಟಿಗೆ ಹೋಗಲ್ಲ ಲಾ, ಅಮ್ಮ,” ಎಂದಳು ಮಗಳು, ಇಲ್ಲಿಯವರ ಹಾಗೆ ಮಾತಿಗೊಂದು ‘ಲಾ’ ಸೇರಿಸಿ.

ಬೆಡ್‌ಶೀಟ್ ಹೆಗಲಿಗೇರಿಸಿಕೊಂಡು ಮೇಲೆ ಹೋದೆ. ಕಲೆ ನೋಡಿ ಆಂಟಿ ಹೌಹಾರಿದರು. ಹತ್ತು ಸಲ ಸಾರಿ ಹೇಳಿ, ಕುಂಡಗಳ ಕೆಳಗೆ ತಟ್ಟೆ ಇಡುತ್ತೇನೆಂದರು. ಗೆದ್ದೆ ಅಂತ ನಾನು ತಿರುಗುವಷ್ಟರಲ್ಲಿ ಬಹಳ ನಯವಾಗಿ ಇನ್ನೊಂದು ಮಾತು ಬಂತು. ಬೆಳಬೆಳಗ್ಗೆ ನಿಮ್ಮ ಮಿಕ್ಸಿ ಸದ್ದಿಗೆ ನಮ್ಮ ಯಜಮಾನರು ಬೆಚ್ಚಿಬಿದ್ದು ಏಳುತ್ತಾರೆ.

ಯಾವತ್ತಿಂದ? ನಾವು ಈ ಮನೆಗೆ ಬಂದಾಗಿನಿಂದ! ಒಂದು ದಿನವೂ ಯಾರಿಗೂ ದೂರು ಕೊಟ್ಟಿಲ್ಲ ಪುಣ್ಯಾತ್ಗಿತ್ತಿ. ನನಗೆ ನಿಜಕ್ಕೂ ನಾಚಿಕೆಯಾಯಿತು. ಇನ್ನು ಮುಂದೆ ಚಟ್ನಿ ಹಿಂದಿನ ಸಂಜೆಯೇ ರುಬ್ಬುತ್ತೇನೆ ಎಂದು ಒಪ್ಪಿಕೊಂಡು ಕೆಳಗಿಳಿದೆ. ದೂರು ಡಿಲೀಟ್ ಆಯಿತು.

ಅಲ್ಲಾ, ಹೀಗೆ ಎಲ್ಲರೂ ಬಾಗಿಲಲ್ಲೇ ನಿಂತು ರಾಜಿಯಾಗಿಬಿಟ್ಟರೆ, ಮುಂದಿನ ಕಾಲದ ಹಿಸ್ಟರಿ ಮಕ್ಕಳು ಪಾಪ ಏನು ಓದಿ ಪಾಸಾಗಬೇಕು?